ಮೇಜಿನ ಕೆಳಗಿನ ಜ್ಯೂಸ್ ಬಾಟಲಿ

ಮಾರ್ಚ್ 3
ಮತ್ತೆ ಅದೇ ಹಾಡು. ಮನೆಯ ಮುಂಭಾಗದ ನಮ್ಮ ಲಾಂಡ್ರಿಗೆ ಕಲೆ ತೆಗೆಯುವ ದ್ರಾವಣದ ಡ್ರಮ್ ಬಂತು. ಇವರು ಎಂದಿನಂತೆ ಖಾಲಿ ಜ್ಯೂಸ್ ಬಾಟಲಿಗೆ ಬಗ್ಗಿಸಿ ಇಸ್ತ್ರಿ ಮೇಜಿನ ಕೆಳಗಿಟ್ಟರು.
"ಮಗು ಓಡಾಡ್ತಾಳೆ, ಮೇಲಿಡಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ವಲ್ಲ!"
"ಅಲ್ಲಿದ್ರೆ ಕೈಗೆ ಸಿಗುತ್ತೆ ಕಣೇ. ನಿಂದೊಂದು ಅತಿ."
ಅತ್ತೆ ನಕ್ಕರು. ಹೌದು, ನನ್ನದು ಯಾವಾಗಲೂ ಅತಿಯೇ.

ಮಾರ್ಚ್ 9, ಸಂಜೆ, ಆಸ್ಪತ್ರೆ
ಗಿರಾಕಿಗೆ ಬಟ್ಟೆ ಕೊಡುತ್ತಿದ್ದೆ... ಚೀರಾಟ. ಮಗಳು ಗುಬ್ಬಿಯ ಬಾಯೆಲ್ಲ ಕೆಂಪು, ಜೊಲ್ಲು. ಪಕ್ಕದಲ್ಲಿ ಬಾಟಲಿ. ಬಾಯಿ ಒರೆಸಿ, ತೊಳೆದೆ. ಅಷ್ಟರಲ್ಲಿ ಅತ್ತೆ ಉಪ್ಪುನೀರು ಹಿಡಿದು ಬಂದರು.
"ಬೇಡ ಅತ್ತೆ! ವಾಂತಿ ಮಾಡಿಸ್ಬಾರ್ದು, ಗಂಟಲು ಇನ್ನೊಂದ್ಸಲ ಸುಡುತ್ತೆ. ಡ್ರಮ್ ಮೇಲೇ ಬರ್ದಿದೆ!"
"ನಾಲ್ಕು ಮಕ್ಕಳನ್ನ ಸಾಕಿದೀನಿ. ನಂಗೇ ಹೇಳ್ಕೊಡ್ತೀಯಾ?"
ಇವರು ನನ್ನ ರಟ್ಟೆ ಹಿಡಿದು ಎಳೆದರು. ಅತ್ತೆ ಮಗುವಿನ ಗಂಟಲಿಗೆ ಬೆರಳು ಹಾಕಿದರು. ವಾಂತಿಯಲ್ಲಿ ರಕ್ತ. ಡ್ರಮ್ಮಿನ ಲೇಬಲ್ ಕಿತ್ತುಕೊಂಡು, ಮಗುವನ್ನೆತ್ತಿ ಓಡಿದೆ.

ಮಾರ್ಚ್ 10
ಡಾಕ್ಟರಮ್ಮ ಲೇಬಲ್ ಓದಿದರು. "ವಾಂತಿ ಮಾಡಿಸಿದ್ದು ಯಾರು?"
ಅತ್ತೆ ಗೋಡೆ ನೋಡಿದರು. ಇವರು ಕೆಮ್ಮಿ, "ನಮ್ಮನೆಯವಳು... ಗಾಬರೀಲಿ" ಅಂದರು.
ಬಾಯಿ ತೆರೆದೆ. ಒಳಗೆ ವಾರ್ಡಿನಲ್ಲಿ ಮಗಳು. ಈಗ ಜಗಳವೇ? ಮುಚ್ಚಿದೆ.
"ಹೀಗೆಲ್ಲ ಮಾಡಬಾರ್ದಮ್ಮ, ಗೊತ್ತಾಗಲ್ವಾ?" ಬೈಗುಳವೂ ನನಗೇ. ಎಂಥ ಗಂಡ!

ಮೇ 2
ಗುಬ್ಬಿ ಮನೆಗೆ ಬಂದಳು. ಅನ್ನನಾಳ ಕಿರಿದಾಗಿದೆ. ತೆಳ್ಳಗಿನದು ಮಾತ್ರ ಇಳಿಯುತ್ತದೆ. ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿ ಹಿಗ್ಗಿಸಿಕೊಂಡು ಬರಬೇಕಂತೆ. ನೋಡಲು ಬಂದವರಿಗೆಲ್ಲ ಅತ್ತೆ ಹೇಳುವುದೊಂದೇ: "ತಾಯಿಯಾದವಳು ಕಣ್ಣಿಟ್ಟು ನೋಡಿದ್ರೆ ಹೀಗಾಗ್ತಿತ್ತಾ?" ನನ್ನ ಎದುರಿಗೇ. ಇವರು ಎದ್ದು ಇಸ್ತ್ರಿಗೆ ಹೋಗುತ್ತಾರೆ.
ಏನು ಕೊಟ್ಟರೂ ಗುಬ್ಬಿ ಮೂಸುತ್ತಾಳೆ. "ಉರಿಯಲ್ವಾ ಅಮ್ಮ? ನೀನ್ ಮೊದ್ಲು ಕುಡಿ." ಪ್ರತಿ ಲೋಟದ ಮೊದಲ ಗುಟುಕು ನನ್ನದು.

ಮೇ 17, ಮಧ್ಯಾಹ್ನ
ಕಸ ಗುಡಿಸುತ್ತ ಬಗ್ಗಿದೆ. ಇಸ್ತ್ರಿ ಮೇಜಿನ ಕೆಳಗೆ ಜ್ಯೂಸ್ ಬಾಟಲಿ. ತುಂಬಿದೆ!
"ಈ ಸಲ ಮುಚ್ಚಳ ಬಿಗಿ ಮಾಡಿದೀನಲ್ಲೇ" ಅಂದರು ಇವರು, ಊಟ ಮಾಡುತ್ತ.
ಬಾಟಲಿ ತಂದು ತಟ್ಟೆಯ ಪಕ್ಕ ಕುಕ್ಕಿದೆ. "ಅಷ್ಟು ಧೈರ್ಯ ಇದ್ರೆ ಒಂದು ಗುಟುಕು ಕುಡಿದು ತೋರಿಸಿ."
ನಕ್ಕರು. ತಮಾಷೆಗೆ ಬಾಟಲಿ ಬಾಯಿಯ ಹತ್ತಿರ ಒಯ್ದರು ಕೂಡ. ಹಿಂದಿನಿಂದ ಗುಬ್ಬಿ ಓಡಿಬಂದು ಅವರ ಕೈಗೆ ಜೋತುಬಿದ್ದಳು. ಆ ಒಡಕು ದನಿಯಲ್ಲಿ—
"ಬೇಡ ಅಪ್ಪ, ಉರಿಯುತ್ತೆ! ಆಮೇಲೆ ಅಜ್ಜಿ ನಿಂಗೂ ಬೆರಳು ಹಾಕ್ತಾರೆ..."
ಅತ್ತೆಯ ಕೈಯಿಂದ ಸೌಟು ಬಿತ್ತು. ಇವರು ನನ್ನ ಮುಖ ನೋಡಿದರು. ನಾನು ಬಾಟಲಿ ಕಿತ್ತುಕೊಂಡು, ಗುಬ್ಬಿಯನ್ನೆತ್ತಿ ಹೇಳಿದೆ: "ಡಾಕ್ಟರಮ್ಮನಿಗೂ ಇದನ್ನೇ ಹೇಳೋಣ, ಬಾ."