ಕೆಂಪು ತಟ್ಟೆ, ಬಿಳಿ ತಟ್ಟೆ

ಏಪ್ರಿಲ್ ೯

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಾನು ಆರೋಗ್ಯ. ನೀನೂ ಹಡಗಿನಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಹೋದ ಮೇಲೆ ಎಲ್ಲಕ್ಕೂ ನಾನೊಬ್ಬಳೇ. ಆಸ್ಪತ್ರೆಯ ಅಡುಗೆಮನೆಯಲ್ಲಿ ಬೇರೆ ಇಬ್ಬರು ರಜೆ ಹಾಕಿ ಕೂತಿದ್ದಾರೆ. ನೂರಿಪ್ಪತ್ತು ರೋಗಿಗಳ ಊಟ ನನ್ನ ತಲೆಯ ಮೇಲೆ.

ನಿನ್ನ ಹೆಂಡತಿ ಮೊನ್ನೆ ಹೋದಳು. ನನಗೆ ಬರೆದ ಕಾಗದದ ಜೊತೆ ನೀನು ಅವಳಿಗೆಂದು ಇಟ್ಟಿದ್ದ ಚೀಟಿಯನ್ನು ನಾನೇ ಕೈಯಾರೆ ಕೊಟ್ಟೆ. "ಅಪ್ಪನನ್ನು ತಿಂದುಕೊಂಡವಳ ಮುಖ ನೋಡಲಾರೆ. ನಾನು ಬರುವಷ್ಟರಲ್ಲಿ ಮನೆ ಬಿಟ್ಟಿರು." ಎರಡೇ ಸಾಲು. ಚಿಕ್ಕಂದಿನಿಂದಲೂ ನೀನು ಹಾಗೆಯೇ, ಮಾತು ಕಮ್ಮಿ. ಅವಳು ಓದಿ, ಮಡಚಿ, ಚೀಲಕ್ಕೆ ಹಾಕಿಕೊಂಡಳು. ಒಂದು ಹನಿ ಕಣ್ಣೀರಿಲ್ಲ. ಎಲ್ಲಿಗೆ ಹೋಗುತ್ತೀಯೆಂದು ನಾನೂ ಕೇಳಲಿಲ್ಲ.

ಆ ಭಾನುವಾರದ ಸಂಗತಿಯನ್ನು ಮೊದಲ ಕಾಗದದಲ್ಲಿ ಅವಸರವಾಗಿ ಬರೆದಿದ್ದೆ. ನೀನು ಕೇಳದಿದ್ದರೂ ಈಗ ನಿಧಾನವಾಗಿ ಬರೆಯುತ್ತೇನೆ. ಕೆರೆ ದಂಡೆಯಲ್ಲಿ ಊಟ ಮಾಡೋಣ ಎಂದವಳು ಅವಳೇ. ಅಪ್ಪನಿಗೂ ಹುರುಪು ಬಂತು, "ಈ ನಾಲ್ಕು ಗೋಡೆ ನೋಡಿ ನೋಡಿ ಸಾಕಾಗಿದೆ ಕಣೇ" ಎಂದರು. ನಾನು ಸೋಪು, ನೀರು, ಐಸ್ ಪೆಟ್ಟಿಗೆ, ಎರಡು ತಟ್ಟೆ ಎಲ್ಲ ಹೊತ್ತುಕೊಂಡು ಹೋದೆ. ಇಬ್ಬರಿಗೂ ಕೇಳುವ ಹಾಗೆ ಹೇಳಿದೆ: "ಕೆಂಪಿಗೆ ಹಸೀದು, ಬಿಳಿಗೆ ಬೆಂದದ್ದು. ಅದಲುಬದಲು ಆದ್ರೆ ನಾನು ಜವಾಬ್ದಾರಿ ಅಲ್ಲ." ಅಪ್ಪ, "ಶುರುವಾಯ್ತಪ್ಪ ನಮ್ಮ ಡಬ್ಬಿರಾಣಿ ದರ್ಬಾರು" ಎಂದು ನಕ್ಕರು. ಮಾಡಿದ ಪ್ರತಿ ಪದಾರ್ಥದಲ್ಲೂ ಒಂದು ಚಮಚ ಡಬ್ಬಿಯಲ್ಲಿ ತೆಗೆದಿಡುವುದು ನಮ್ಮ ಆಸ್ಪತ್ರೆಯ ಪದ್ಧತಿ; ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಕಳಿಸಬಹುದು. ನಾನು ಮನೆಯ ಅಡುಗೆಗೂ ಬಿಡುವುದಿಲ್ಲವೆಂದು ಅಪ್ಪ ಆ ಹೆಸರಿಟ್ಟಿದ್ದರು.

ನಾನು ಕೆಂಡದ ಮೇಲೆ ಕೋಳಿ ಸುಡುತ್ತಿದ್ದೆ. ಅಷ್ಟರಲ್ಲಿ ನಿನ್ನ ಹೆಂಡತಿ, ನನ್ನನ್ನು ಒಂದು ಮಾತು ಕೇಳದೆ, ತಾನು ಮಾಡಿ ತಂದಿದ್ದ ಮೊಟ್ಟೆ ಸಲಾಡನ್ನು ಬಿಳಿ ತಟ್ಟೆಗೆ ಸುರಿದು ಅಪ್ಪನ ಮುಂದಿಟ್ಟಳು. ನನ್ನ ಮುಖ ನೋಡಿ, "ತೊಳ್ದು ಕೊಡ್ಲಾ ಅತ್ತಿಗೆ?" ಎಂದಳು. "ಬೇಡಮ್ಮ, ನೀನೇ ಇಟ್ಕೋ" ಎಂದೆ. ಅಪ್ಪ ಆ ಸಲಾಡನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಕೋಳಿಯ ಬಗ್ಗೆ ಮಾತೇ ಇಲ್ಲ, ತಿಂದದ್ದು ಮಾತ್ರ ನಾಲ್ಕು ತುಂಡು.

ಮಾರನೆಯ ದಿನ ಮೂವರಿಗೂ ವಾಂತಿ, ಭೇದಿ. ಅಪ್ಪ ಹಾಸಿಗೆ ಹಿಡಿದರು. ಅವಳು ಗೋಡೆ ಹಿಡಿದುಕೊಂಡು ಬಂದು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚ ಚಮಚವಾಗಿ ಕುಡಿಸಲು ಕೂತಳು. ನಾನು ಅಪ್ಪನ ಕಿವಿಯಲ್ಲಿ, "ಬಿಸಿಲಲ್ಲಿಟ್ಟ ಮೊಟ್ಟೆ ತಿನ್ನಿಸಿದವಳು ಇವಳೇ ಅಪ್ಪಾ" ಎಂದೆ. ಅಪ್ಪ ಹಲ್ಲು ಕಚ್ಚಿ ಬಾಯಿ ಮುಚ್ಚಿದರು. ಆಮೇಲೆ ಅವಳ ಕೈಯಿಂದ ಒಂದು ಗುಟುಕೂ ಇಳಿಯಲಿಲ್ಲ. ನಾನು ಎದ್ದು ಬಂದಾಗ ಕುಡಿಸಿದ್ದಷ್ಟೇ. ಮೂರನೆಯ ದಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತು. ಅಲ್ಲೂ ಅಪ್ಪ, ಅವಳನ್ನು ಹತ್ತಿರ ಬಿಡಬೇಡ ಎಂದರು. ನಾನು ಬಿಡಲಿಲ್ಲ.

ಬಂದರಿನಲ್ಲಿ ಇಳಿದಾಗ ಹೊರಗೆ ಕಂಡಕಂಡದ್ದನ್ನು ತಿನ್ನಬೇಡ. ಹೊಗೆಯಾಡುವಷ್ಟು ಬಿಸಿಯಿದ್ದರೆ ಮಾತ್ರ ಬಾಯಿಗಿಡು. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ಭಾನುವಾರ ನಾನು ತೆಗೆದಿಟ್ಟು ಕಳಿಸಿದ್ದ ಡಬ್ಬಿಗಳ ಪರೀಕ್ಷೆಯ ವರದಿ ಬಂದಿದೆ. ಬಂದದ್ದು ಈಗಲ್ಲ, ನಿನಗೆ ಮೊದಲ ಕಾಗದ ಬರೆಯುವ ಹಿಂದಿನ ದಿನ. ಮೊಟ್ಟೆಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಕೋಳಿಯಲ್ಲಿ. ಅವಳು ಮುಟ್ಟಿದ ತಟ್ಟೆ ನನಗೆ ಬೇಡವೆಂಬ ಹಟಕ್ಕೆ, ಹಸಿ ಮಾಂಸವಿದ್ದ ಕೆಂಪು ತಟ್ಟೆಯನ್ನು ಬಟ್ಟೆಯಲ್ಲಿ ಒರೆಸಿ, ಬೆಂದದ್ದನ್ನು ಅದಕ್ಕೇ ಹಾಕಿದ್ದೆ. ಇಪ್ಪತ್ತೆರಡು ವರ್ಷ ಈ ಒಂದು ತಪ್ಪಿಗಾಗಿ ಎಷ್ಟು ಜನರನ್ನು ಬೈದಿದ್ದೇನೋ. ವರದಿಯನ್ನು ಒಲೆಗೆ ಹಾಕಿದೆ.

ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆದರೆ ಆ ಸಂಜೆ ಪಾತ್ರೆ ತೊಳೆದವಳು ಅವಳು. ಮೊನ್ನೆ ಹೋಗುವಾಗ ಬಾಗಿಲಲ್ಲಿ ನಿಂತು ಕೆಂಪು ತಟ್ಟೆಯನ್ನು ನನ್ನ ಕೈಗಿಟ್ಟು, "ಇದಕ್ಕೆ ಹಸೀದು ಅಲ್ವಾ ಅತ್ತಿಗೆ?" ಎಂದಳು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದೆ. ಅವಳು ಕೊಟ್ಟ ಉತ್ತರವನ್ನು ನಾನೊಬ್ಬಳೇ ಯಾಕೆ ಹೊರಬೇಕು, ನಿನಗೂ ಪಾಲಿರಲಿ ಎಂದು ಬರೆಯುತ್ತಿದ್ದೇನೆ.

"ಅವರು ಕೇಳಿದ್ರೆ ಹೇಳೋಣ ಅಂತ ಕಾಯ್ತಾ ಇದ್ದೆ. ಎರಡು ಸಾಲು ಬರೆದ್ರು. ಅದ್ರಲ್ಲಿ ಒಂದೂ ಪ್ರಶ್ನೆ ಇರ್ಲಿಲ್ಲ."