ಬಾನೆಟ್ಟಿನಲ್ಲಿ ಹೊಗೆಸೊಪ್ಪು

೧೨-೧೦-೨೦೦೫, ಬುಧವಾರ

...ಹೆಗ್ಗಣವಲ್ಲ, ಇಲಿಯೇ. ನಿನ್ನೆ ನಾನು ಅಂದುಕೊಂಡದ್ದು ತಪ್ಪು. ಶಿಡ್ಲಘಟ್ಟದಿಂದ ಮೆಕ್ಯಾನಿಕ್ ಕೊಂಡಪ್ಪ ಬಂದು ಕಾರಿನ ಬಾನೆಟ್ ಎತ್ತಿದ. ವೈರುಗಳೆಲ್ಲ ತುಂಡು ತುಂಡು. ನಡುವೆ ಗೋಣಿನಾರು, ಹತ್ತಿ, ನನ್ನದೇ ಹಳೆ ಬನಿಯನ್ನಿನ ಚೂರು.

"ಕಾರಲ್ಲ ಸಾರ್ ಇದು. ಎಲುಕಲಿಗೆ ಬಾಣಂತನದ ಮನೆ!"

ಇಲಿ ಅವನ ತೆಲುಗಿನಲ್ಲಿ ಎಲುಕ. ನಕ್ಕೆ. ಇನ್ನೇನು ಮಾಡಲಿ? ಹೊಸ ವೈರು ಹಾಕಿ ಸ್ಟಾರ್ಟ್ ಮಾಡಿಕೊಟ್ಟ. ಹೊಗೆಸೊಪ್ಪು ಗಂಟು ಕಟ್ಟಿ ಬಾನೆಟ್ಟಿನೊಳಗೆ ಇಡಿ, ಆ ಘಾಟಿಗೆ ಇಲಿ ಸುಳಿಯದು ಎಂದು ಹೇಳಿಹೋದ. ಆಗಲೇ ಇಟ್ಟೆ. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್... ಡಿಸೀಸ್? ಅಲ್ಲ. ಕಾಲೇಜಿನಲ್ಲಿ ಬರುತ್ತಿತ್ತು.

೧೪-೧೦, ಶುಕ್ರವಾರ, ಸಂಜೆ

ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆಂದು ಸೊಸೆ ಲಾವಣ್ಯ ಕೆಂಚಾರ್ಲಹಳ್ಳಿಯಿಂದ ತರಲು ಕಳಿಸಿದಳು. ಅಲ್ಲಿ ಬಾನೆಟ್ ಎತ್ತಿ, ಜಾರಿದ್ದ ಹೊಗೆಸೊಪ್ಪಿನ ಗಂಟು ಬಿಗಿದೆ. ಅದೇ ಕೈಯಲ್ಲಿ ಸೊಪ್ಪಿನ ಮೂಟೆ ಡಿಕ್ಕಿಗೆ ಹಾಕಿದೆ! ರೇಷ್ಮೆಹುಳಕ್ಕೆ ಹೊಗೆಸೊಪ್ಪು ವಿಷ — ನಮ್ಮ ಜಂಗಮಕೋಟೆಯ ಕೂಸಿಗೂ ಗೊತ್ತು. ನಶ್ಯ ಏರಿಸುತ್ತೇನೆಂದು ನನ್ನಾಕೆ ಬದುಕಿರುವ ತನಕ ಹುಳುಮನೆಯ ಹೊಸ್ತಿಲು ದಾಟಗೊಡಲಿಲ್ಲ. ಅವಳು ಹೋದ ಮೇಲೆ ನಶ್ಯ ಬಿಟ್ಟೆ. ಬುದ್ಧಿ ಮಾತ್ರ ಬರಲಿಲ್ಲ. ಲಾವಣ್ಯ ಒಬ್ಬಳೇ ನಿಂತು ಸಾಕಿದ ಮೊದಲ ಬೆಳೆ ಇದು...

ನನಗೆ ಹೊಳೆಯುವಷ್ಟರಲ್ಲಿ ಅವಳು ಆ ಸೊಪ್ಪನ್ನು ಹುಳದ ತಟ್ಟೆಗಳಿಗೆ ಹಾಕಿಯಾಗಿತ್ತು. ಬಾಗಿಲಿನಿಂದ ಇಣುಕಿದೆ. ಒಂದು ಹುಳವೂ ತಿನ್ನುತ್ತಿಲ್ಲ. ತಲೆ ಎತ್ತಿ ಸುಮ್ಮನಿವೆ. ಲಾವಣ್ಯಳಿಗೆ ಹೇಳಿಬಿಟ್ಟೆ.

ಅವಳ ಮುಖ ಬಿಳುಚಿತು. ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದಳು.

"ವಿಷ ತಾಗಿದ್ರೆ ರಸ ಕಕ್ತವೆ, ಇವು ಕಕ್ಕಿಲ್ಲ ಮಾವ. ಜ್ವರಕ್ಕೆ ಕೂತಿದ್ರೂ ಕೂತಿರಬೋದು. ನಾಳೆ ಕೂರಬೇಕಿತ್ತು... ಎದ್ದು ಸೊಪ್ಪು ತಿಂದ್ರೆ ನಮ್ಮವು."

ಹೌದು, ಪೊರೆ ಬಿಡುವ ಜ್ವರದಲ್ಲೂ ಹೀಗೇ ಮೇವು ಬಿಟ್ಟು ತಲೆ ಎತ್ತಿರುತ್ತವೆ. ಜ್ವರವೋ, ವಿಷವೋ? ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು. ಜ್ವರವೇ ಬಂದಿರಲಪ್ಪಾ ಎಂದು ದೇವರಿಗೆ ಕೈಮುಗಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

೧೬-೧೦, ಭಾನುವಾರ

"ಮಾವ, ಎದ್ದವೆ! ಜ್ವರ ಬಿಡ್ತು, ಬನ್ನಿ!"

ಓಡಿದೆ. ಚಪ್ಪಲಿ ಎಲ್ಲೋ ಬಿತ್ತು. ಹೊಸ ಮೈಯ ಹುಳಗಳು ಸೊಪ್ಪಿಗೆ ಮುಗಿಬಿದ್ದಿವೆ. ನನ್ನ ಕೈ ತಾಗಿದ್ದು ಗೋಣಿಗಷ್ಟೇ ಇರಬೇಕು. ಥ್ಯಾಂಕ್ ಗಾಡ್ — ಇದೊಂದು ಇಂಗ್ಲಿಷ್ ಪೂರ್ತಿ ನೆನಪಿದೆ.

ಹೊಗೆಸೊಪ್ಪನ್ನು ನಿನ್ನೆಯೇ ಊರಾಚೆ ಹೂತು ಬಂದಿದ್ದೆ. ಇಲಿ ಬಂದರೆ ಬರಲಿ. ಆದರೂ ಹೊಸ್ತಿಲ ಹೊರಗೇ ನಿಂತೆ. ಲಾವಣ್ಯ ಸೋಪು ಹಿಡಿದು ಬಂದಳು.

"ಉಗುರು ಸಂದಿ ಮಾವ. ಇನ್ನೊಂದ್ ಸಲ... ಹ್ಞಾ, ಈಗ ಒಳಗೆ ಬನ್ನಿ. ಅತ್ತೆ ಇದ್ದಿದ್ರೆ ಇಬ್ರಿಗೂ ಬೀಳ್ತಿತ್ತು."

ಮಡಿಲು ತುಂಬ ಸೊಪ್ಪು ಕೊಟ್ಟಳು. ಹಾಕಿದೆ.

"ತೆಳ್ಳಗೆ ಹರಡಿ! ಮದುವೆ ಮನೇಲಿ ಅನ್ನ ಸುರ್ದಂಗೆ ಸುರೀತೀರಲ್ಲ."

ಹುಳ ನೋಡಲೋ, ಕೈ ನೋಡಲೋ... ಕಣ್ಣು ಮಂಜಾಯಿತು.

ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆಯ ಸೊಪ್ಪೂ ಇನ್ನು ನಾನೇ ಹಾಕಬೇಕಂತೆ. ಒಳಗಿನಿಂದ ಕರೆಯುತ್ತಿದ್ದಾಳೆ. ಬೆಳಕು ಇಳಿಯುತ್ತಿದೆ, ಗೆರೆ ಕಾಣುತ್ತಿಲ್ಲ. ಬಂದೆ ಕಣಮ್ಮಾ —