ಮೇಡಂ ಕಾದ ನಲವತ್ತೊಂದು ಸೆಕೆಂಡು

ಆನ್‌ಲೈನ್ ಕೋರ್ಸ್ ವಿಭಾಗದ ಮಾನ್ಯ ನಿರ್ದೇಶಕರೇ,

ತಾಳ್ಮೆಗೆ ಹೆಸರಾಗಿದ್ದ ಒಬ್ಬ ಮೇಡಂ ಅವರನ್ನು, ಅವರು ತೀರಿಕೊಂಡ ಮೇಲೆ, ನಾವಿಬ್ಬರೂ ಸೇರಿ ಸಿಡುಕುಮೋರೆಯವರನ್ನಾಗಿ ಮಾಡಿದ್ದೇವೆ. ಆದೇಶ ನಿಮ್ಮದು, ಕೈ ನನ್ನದು. ನಿಮ್ಮ ವ್ಯಾಕರಣದ ಕೋರ್ಸಿಗೆ ವಿಡಿಯೊ ತೆಗೆದು, ಕತ್ತರಿಸಿ, ಸೇರಿಸುವವಳು ನಾನು. ಬರುವ ಶನಿವಾರ ಅವುಗಳ ಮೂಲ ಪ್ರತಿಗಳನ್ನೂ ಅಳಿಸಬೇಕೆಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಹಾಗಾಗಿ ಈ ಬಹಿರಂಗ ಪತ್ರವನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ, ದನಿ ನಡುಗಿದರೆ ಮನ್ನಿಸಿ.

ಅದೇ ಸುತ್ತೋಲೆಯ ನಾಲ್ಕನೆಯ ಸಾಲು: ‘ಕಲಿಯುವವರ ಸಮಯ ಅಮೂಲ್ಯವಾದ್ದರಿಂದ ಮೂರು ಸೆಕೆಂಡಿಗಿಂತ ಹೆಚ್ಚಿನ ನಿಶ್ಶಬ್ದವನ್ನು ದೋಷವೆಂದು ಪರಿಗಣಿಸಿ ತೆಗೆಯತಕ್ಕದ್ದು.’ ಎಂಥ ಖಚಿತ ವಾಕ್ಯ! ಸಾಹಿತ್ಯದಲ್ಲಿ ಎಂ.ಎ. ಮಾಡಿದ ನನಗೂ ಇಂಥದ್ದು ಬರೆಯಲು ಬಾರದು. ಆದರೆ ಮೇಡಂ ಪಾಠ ಮಾಡುತ್ತಿದ್ದುದೇ ಆ ದೋಷದಲ್ಲಿ. ಒಂದು ಪ್ರಶ್ನೆ ಕೇಳಿ, ‘ಹೇಳಿ ನೋಡೋಣ’ ಎಂದು ಸುಮ್ಮನಾಗುವರು. ಕಾಲೇಜಿನಲ್ಲಿ ನಾನು ಅವರ ವಿದ್ಯಾರ್ಥಿನಿ, ಅವರಿಟ್ಟ ಅಡ್ಡಹೆಸರು ಮೌನಮ್ಮ. ಕೊನೆಯ ಬೆಂಚಿನಿಂದ ನನ್ನದೊಂದು ಪದ ಹೊರಡಲಿ ಎಂದು ಇಡೀ ತರಗತಿಯನ್ನು ಸುಮ್ಮನಿರಿಸಿಕೊಂಡು ಕಾದಿದ್ದಾರೆ. ಹೆತ್ತಮ್ಮನಿಗೇ ಅಷ್ಟು ಪುರುಸೊತ್ತಿಲ್ಲ. ‘ಬಾಯ್ ಬಿಟ್ರೆ ಮುತ್ತು ಉದುರತ್ತೇನೇ?’ ಎಂದು ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಾಳೆ.

ಖಾಲಿ ಕೋಣೆಯಲ್ಲಿ ರೆಕಾರ್ಡಿಂಗ್ ಶುರುವಾದಾಗಲೂ ಮೇಡಂ ಕಾಯುವುದನ್ನು ಬಿಡಲಿಲ್ಲ.

‘ಮೇಡಂ, ಇಲ್ಲಿ ಯಾರೂ ಇಲ್ವಲ್ಲ.’

‘ಯಾರಿಲ್ಲ ಅಂತೀಯ ಮೌನಮ್ಮ? ಆ ಕಡೆ ಒಬ್ಳು ಕೂತಿರ್ತಾಳೆ ಕಣೇ, ನಿನ್ ಥರದವಳೇ. ಅವಳಿಗೆ ಗೊತ್ತಿರತ್ತೆ, ಬಾಯಿಗೆ ಬರೋಕೆ ಹೊತ್ತು ಬೇಕು ಅಷ್ಟೆ.’

ಇಪ್ಪತ್ತಮೂರನೆಯದು ಅವರ ಕೊನೆಯ ಪಾಠ, ಲೋಪಸಂಧಿ. ಎರಡು ಪದ ಸೇರುವಾಗ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುವ ಸಂಧಿ. ‘ಊರು, ಅಲ್ಲಿ. ಸೇರಿದ್ರೆ ಊರಲ್ಲಿ. ಉಕಾರ ಬಿತ್ತು, ಯಾರಿಗೂ ನಷ್ಟ ಇಲ್ಲ. ಗುರು, ಅನ್ನು. ಇಲ್ಲಿ ಮಾತ್ರ ಉಕಾರ ಬಿಡಲ್ಲ, ಗುರುವನ್ನು ಅಂತೀವಿ. ಯಾಕೆ? ಹೇಳಿ ನೋಡೋಣ.’ ಹಾಗೆಂದು ಕ್ಯಾಮೆರಾದ ಎಡಕ್ಕೆ, ನಾನು ನಿಂತಿದ್ದ ಕಡೆಗೆ ನೋಡಿದರು. ನನಗೆ ಉತ್ತರ ಗೊತ್ತಿತ್ತು. ನನ್ನ ದನಿ ಸೇರಿದರೆ ರೆಕಾರ್ಡಿಂಗ್ ಕೆಡುತ್ತದೆ ಎಂದು ನೆಪ ಹೇಳಿಕೊಂಡೆ. ನಿಜವೆಂದರೆ ಹೆದರಿಕೆ. ನಲವತ್ತೊಂದು ಸೆಕೆಂಡು ಕಾದರು. ಆಮೇಲೆ ‘ಗೊತ್ತಿದ್ದೂ ಸುಮ್ನಿರೋರಿಗೆ ಏನ್ ಹೇಳೋದಪ್ಪ!’ ಎಂದು ನಕ್ಕು, ‘ಅರ್ಥ ಕೆಡೋ ಕಡೆ ಏನನ್ನೂ ಬಿಡಬಾರದು, ಅದಕ್ಕೇ’ ಎಂದು ತಾವೇ ಹೇಳಿದರು. ಮೂರು ವಾರಕ್ಕೆ ಹೋಗಿಬಿಟ್ಟರು.

ಆ ನಲವತ್ತೊಂದು ಸೆಕೆಂಡನ್ನು ನಾನೇ ಕತ್ತರಿಸಿದೆ. ಪರದೆಯ ಮೇಲೆ ಮೌನವೆಂದರೆ ಒಂದು ಚಪ್ಪಟೆ ಗೆರೆ, ಬೆರಳಿಗೆ ಸಲೀಸು. ಈಗ ಮೇಡಂ ‘ಹೇಳಿ ನೋಡೋಣ’ ಎಂದ ಮರುಕ್ಷಣವೇ ‘ಗೊತ್ತಿದ್ದೂ ಸುಮ್ನಿರೋರಿಗೆ’ ಎಂದು ಮೇಲೆ ಬೀಳುತ್ತಾರೆ. ವಿಡಿಯೊದ ಕೆಳಗೆ ವಿದ್ಯಾರ್ಥಿಗಳು ಬರೆದದ್ದನ್ನು ಓದಿದ್ದೀರಾ? ‘ಯೋಚ್ನೆ ಮಾಡೋಕಾದ್ರೂ ಬಿಡಿ ಮೇಡಂ.’ ‘ಇವರಿಗೆ ಬಸ್ಸು ತಪ್ಪೋ ಹಾಗಿತ್ತಾ?’ ಒಬ್ಬಳದು ಒಂದೇ ಸಾಲು: ‘ನಂಗೆ ಗೊತ್ತಿತ್ತು, ಹೇಳೋಷ್ಟರಲ್ಲಿ ಬೈಸ್ಕೊಂಡೆ.’ ಆ ಹುಡುಗಿ ಉಳಿಸಿಕೊಂಡ ಅಮೂಲ್ಯ ಸಮಯದಲ್ಲಿ ಏನು ಕಲಿತಳು, ಸ್ವಾಮಿ?

ಮೂಲ ಪ್ರತಿಯನ್ನಾದರೂ ಉಳಿಸಿ ಎಂದು ಮೇಲ್ವಿಚಾರಕರ ಮೇಜಿನ ಮುಂದೆ ನಿಂತೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರು.

‘ಏನೂ ಇಲ್ವಲ್ಲಮ್ಮ ಇದರಲ್ಲಿ?’

‘ಕಾಯ್ತಾ ಇದಾರೆ ಸರ್.’

‘ಯಾರಿಗೆ?’

ನಾನು ಎಂದಿನಂತೆ ಸುಮ್ಮನಿದ್ದೆ.

‘ನೋಡಮ್ಮ, ಸತ್ತೋರು ಕಾಯಲ್ಲ. ಸರ್ವರ್‌ನಲ್ಲಿ ಜಾಗ ಇಲ್ಲ. ಹೋಗು, ಕೆಲಸ ನೋಡು.’

ಕಾಯುತ್ತಾರೆ, ಮಾನ್ಯರೇ. ಕತ್ತರಿಸಿದ ಚೂರುಗಳನ್ನೆಲ್ಲ ಒಂದು ಕಡೆ ಸೇರಿಸಿಟ್ಟಿದ್ದೇನೆ. ಎಲ್ಲರೂ ಊಟಕ್ಕೆ ಎದ್ದುಹೋದಾಗ ಹಾಕಿಕೊಂಡು ಕೂರುತ್ತೇನೆ. ಉಸಿರು, ಕುರ್ಚಿಯ ಕಿರುಗುಟ್ಟುವಿಕೆ, ಫ್ಯಾನಿನ ಗಾಳಿಗೆ ಹಾಳೆ ಮಗುಚುವ ಸದ್ದು. ಒಂದು ಗಂಟೆಗೂ ಮಿಕ್ಕಿದ ಮೌನ, ಚೂರುಚೂರಿನಲ್ಲೂ ಅವರು ಅದೇ ಎಡಕ್ಕೆ ನೋಡುತ್ತಾರೆ. ಖಾಲಿ ಕಚೇರಿಯಲ್ಲಿ ಎರಡು ಸಲ ಉತ್ತರ ಹೇಳಿದೆ, ಗಟ್ಟಿಯಾಗಿಯೇ. ಅವರು ನೋಡುವುದನ್ನು ನಿಲ್ಲಿಸಲಿಲ್ಲ. ಈಗೀಗ ಬೇರೆ ಯಾರಾದರೂ ಮಾತಿನ ನಡುವೆ ಒಂದು ಗಳಿಗೆ ನಿಂತರೂ ನಾನು ಉತ್ತರ ಹುಡುಕತೊಡಗುತ್ತೇನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಶನಿವಾರದ ಅಳಿಸುವಿಕೆಯನ್ನು ತಡೆಯಿರಿ. ಇಪ್ಪತ್ತಮೂರು ಪಾಠಗಳನ್ನೂ ಮೇಡಂ ಮಾಡಿದಂತೆಯೇ ಕೋರ್ಸಿಗೆ ಸೇರಿಸಲು ಬಿಡಿ. ರಜೆಯ ದಿನಗಳಲ್ಲಿ ಬಂದು ನಾನೇ ಸೇರಿಸುತ್ತೇನೆ. ಆಗುವುದೇ ಇಲ್ಲವೆಂದರೆ ಅಳಿಸುವ ಕೆಲಸವನ್ನು ಇನ್ನೊಬ್ಬರ ಕೈಲಿ ಮಾಡಿಸಬೇಡಿ, ನೀವೇ ಬನ್ನಿ. ನನ್ನ ಕುರ್ಚಿಯಲ್ಲಿ ಕೂತು ಕೊನೆಯ ಪಾಠವನ್ನು ಪೂರ್ತಿ ನೋಡಿ. ಅವರು ಕಾಯುತ್ತಿರುವಾಗಲೇ ಅಳಿಸಿ, ನಿಮ್ಮಿಂದ ಸಾಧ್ಯವಾದರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಈ ಸಲ ಸುಮ್ಮನಿರುವುದಿಲ್ಲ.

ಇಂತಿ,
ಶನಿವಾರದವರೆಗಾದರೂ ನಿಮ್ಮ ನೌಕರಳಾಗಿರುವ,
ಗುರುವಿನ ಮೇಲೆ ಕತ್ತರಿಯಾಡಿಸಿದ ವಿದ್ಯಾರ್ಥಿನಿ